ಅಜ್ಜಿಯ ಕೋಳಿಯೂ ದಿಲ್ಲಿಯ ಚಳಿಯೂ

ನಮ್ಮ ಬಳಗದ ಪತ್ರಿಕೆಯಲ್ಲಿ ಕವನಕ್ಕೆ ಬರವಿಲ್ಲ. ಪ್ರೇಮ, ವಿರಹ, ಊರಿನ ನೆನಪು, ಎಲ್ಲದರ ಮೇಲೂ ನಮ್ಮ ಗೆಳೆಯರು ಚೆನ್ನಾಗಿಯೇ ಬರೆಯುತ್ತಾರೆ. ನಾನು ಬಿ.ಕಾಂ. ಎರಡನೇ ವರ್ಷದವನು. ಡೆಬಿಟ್ಟು, ಕ್ರೆಡಿಟ್ಟು ಬಿಟ್ಟರೆ ಬೇರೆ ಬರೆದು ಅಭ್ಯಾಸವಿಲ್ಲ. ಆದರೂ ಸಂಪಾದಕರು ಬಿಡಲಿಲ್ಲ. "ಏನಾದರೂ ಬರಿ ಮಾರಾಯ, ನಿನಗೆ ಗೊತ್ತಿರೋದನ್ನೇ ಬರಿ" ಅಂತ ಗಂಟುಬಿದ್ದರು. ನನಗೆ ಗೊತ್ತಿರೋದು ಕೋಳಿ. ಆದ್ದರಿಂದ ಕೋಳಿಯ ಬಗ್ಗೆಯೇ ಬರೆಯುತ್ತಿದ್ದೇನೆ. ಸಹೃದಯರು ಮೂಗು ಮುರಿಯಬಾರದು. ಮೊಟ್ಟೆ ತಿನ್ನದವರೂ ಓದಬಹುದು. ಇದರಲ್ಲಿ ಸೂರ್ಯನ ವಿಷಯವೂ ಇದೆ.

ನಮ್ಮ ಮನೆ ದಿಲ್ಲಿಯ ಅಂಚಿನಲ್ಲಿ, ನಜಫ್‌ಗಢದ ಕಡೆ. ಬಾಡಿಗೆ ಮನೆಯಾದರೂ ಹಿಂದೆ ಒಂದಿಷ್ಟು ಖಾಲಿ ನೆಲವಿದೆ. ತಾತ ಹೋದ ಮೇಲೆ ಅಪ್ಪ ಅಜ್ಜಿಯನ್ನು ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಕರಕೊಂಡು ಬಂದರು. ಹಿಂದಿ ಬಾರದ ಊರಿನಲ್ಲಿ ಅಜ್ಜಿಗೆ ಹೊತ್ತು ಹೋಗುವುದಾದರೂ ಹೇಗೆ? 2022ರ ಫೆಬ್ರವರಿಯಲ್ಲಿ ಸೈಕಲ್ ಮೇಲೆ ಮರಿ ಮಾರುವವನ ಹತ್ತಿರ ಕೆಂಪು ಜಾತಿಯ ಮರಿ ಕೊಂಡಳು. ಬೆಕ್ಕು, ಕಾಗೆಯಿಂದ ಉಳಿದದ್ದು ಹನ್ನೆರಡು ಹ್ಯಾಟೆ. ಆಗಸ್ಟ್ ಹೊತ್ತಿಗೆ ಮೊಟ್ಟೆ ಇಡಲು ಶುರು. ಅಕ್ಕಪಕ್ಕದ ಮನೆಯವರು ಒಂದಕ್ಕೆ ಹತ್ತು ರೂಪಾಯಿಯಂತೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ನನ್ನ ಬಸ್ ಪಾಸು, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲ ಆ ದುಡ್ಡಿನಲ್ಲೇ. ಲೆಕ್ಕ ಬರೆಯುವವನು ನಾನು. ಕ್ಯಾಷಿಯರ್ ಅಜ್ಜಿ, ಸೆರಗಿನ ಗಂಟೇ ತಿಜೋರಿ.

ಮೊದಲ ಚಳಿಗಾಲ ಏನೂ ತೊಂದರೆಯಿಲ್ಲದೆ ಕಳೆಯಿತು. ಎರಡನೆಯದರಲ್ಲಿ, ಅಂದರೆ 2023ರಲ್ಲಿ, ಕಥೆ ಕೆಟ್ಟಿತು. ನನ್ನ ನೋಟ್‌ಬುಕ್ಕಿನಿಂದಲೇ ಎತ್ತಿ ಬರೆಯುತ್ತೇನೆ:

ಸೆಪ್ಟೆಂಬರ್: ಮೊಟ್ಟೆ 240, ಬಂದದ್ದು ರೂ. 2,400. ತಿಂದದ್ದು ಸುಮಾರು 43 ಕಿಲೋ ಆಹಾರ, ಖರ್ಚು ರೂ. 1,512. ಲಾಭ ರೂ. 888.

ನವೆಂಬರ್: ಮೊಟ್ಟೆ 41, ಬಂದದ್ದು ರೂ. 410. ಆಹಾರದ ಖರ್ಚು ಅಷ್ಟೇ, ರೂ. 1,512. ನಷ್ಟ ರೂ. 1,102.

ಡಿಸೆಂಬರಿನಲ್ಲಿ ದಿನಕ್ಕೊಂದು ಮೊಟ್ಟೆ ಕಂಡರೆ ಹಬ್ಬ. ಅದೂ ಯಾವ ಕಾಲದಲ್ಲಿ? ದಿಲ್ಲಿಯ ಬೀದಿಬೀದಿಯಲ್ಲಿ ಬೇಯಿಸಿದ ಮೊಟ್ಟೆಯ ಗಾಡಿ ನಿಲ್ಲುವ ಕಾಲದಲ್ಲಿ! ನಾವು ತರಗತಿಯಲ್ಲಿ ಓದುವ ಬೇಡಿಕೆ-ಪೂರೈಕೆ ನಿಯಮ ಇಲ್ಲಿ ಕಣ್ಣಿಗೆ ಕಾಣುತ್ತದೆ. ಚಳಿಗೆ ತಿನ್ನುವವರು ಹೆಚ್ಚು, ಮನೆಕೋಳಿ ಇಡುವುದು ಕಡಿಮೆ, ಬೆಲೆ ಮೇಲೆ. ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ, ನಮ್ಮ ಬುಟ್ಟಿ ಖಾಲಿ.

ಅಜ್ಜಿಯ ಚಿಕಿತ್ಸೆ

"ಚಳಿ ಕಣ್ಲಾ ಮಗ, ಅವಕ್ಕೂ ನಮ್ಮಂಗೆ ಮೈ ಸೆಟ್ಕೊಂಡದೆ" ಅಂದಳು ಅಜ್ಜಿ. ಅವಳ ಮಾತು ನನಗೂ ಸರಿ ಅನ್ನಿಸಿತು. ಗೂಡಿನ ಸಂದುಗೊಂದಿಗೆಲ್ಲ ಗೋಣಿಚೀಲ ತುರುಕಿದೆವು. ಮೇಲೆ ಪ್ಲಾಸ್ಟಿಕ್ ಹೊದಿಸಿದೆವು. ಆಮೇಲೊಂದು ರಾತ್ರಿ, ಇಲ್ಲಿಯವರು ಅಂಗೀಠಿ ಅನ್ನುತ್ತಾರಲ್ಲ, ಆ ಇದ್ದಿಲ ಅಗ್ಗಿಷ್ಟಿಕೆಯನ್ನು ಗೂಡಿನ ಮೂಲೆಯಲ್ಲಿಟ್ಟು ಬಾಗಿಲು ಮುಚ್ಚಿದೆವು. ಬೆಳಿಗ್ಗೆ ತೆಗೆದರೆ ಎರಡು ಕೋಳಿ ಸತ್ತು ಬಿದ್ದಿದ್ದವು. ಉಳಿದವು ತೂಕಡಿಸುತ್ತಿದ್ದವು. ಮುಚ್ಚಿದ ಜಾಗದಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಮನುಷ್ಯರೇ ಹೀಗೆ ಕೋಣೆ ಮುಚ್ಚಿಕೊಂಡು ಮಲಗಿ ಏಳದೆ ಹೋಗುವ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಹಾಸ್ಟೆಲಿನ ಗೆಳೆಯರು ಕೋಳಿಯ ವಿಷಯ ಮರೆತರೂ ಈ ಮಾತೊಂದನ್ನು ಮರೆಯಬಾರದು.

ಅಜ್ಜಿ ಆ ದಿನ ಊಟ ಮಾಡಲಿಲ್ಲ. ಅಪ್ಪ ಮಾತ್ರ ಖಡಾಖಂಡಿತ ಹೇಳಿಬಿಟ್ಟರು: "ಅವ್ವ, ಸಂಕ್ರಾಂತಿವರೆಗೆ ನೋಡ್ತೀನಿ. ಆಮೇಲೆ ಉಳಿದಿದ್ದನ್ನ ಮಾಂಸದಂಗಡಿಯವನಿಗೆ ಕೊಟ್ಟುಬಿಡೋಣ." ಮಾರನೆಯ ದಿನ ನಾನು ಪಶುಆಸ್ಪತ್ರೆಯ ವೈದ್ಯರೊಬ್ಬರ ಹತ್ತಿರ ಹೋದೆ. ಔಷಧಿ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ಕೋಳಿಗೆ ದಿನಕ್ಕೆ ಎಷ್ಟು ಗಂಟೆ ಬೆಳಕು ಸಿಗುತ್ತದೆ?"

ಕೋಳಿ ಗಡಿಯಾರ ನೋಡುತ್ತದೆ

ನಾವು ತಪ್ಪು ತಿಳಿದದ್ದು ಇಲ್ಲೇ. ಮೊಟ್ಟೆ ನಿಲ್ಲಲು ಮುಖ್ಯ ಕಾರಣ ಚಳಿಯಲ್ಲ, ಕತ್ತಲೆ. ಹಕ್ಕಿಗಳ ಮೈಯೊಳಗೆ ಒಂದು ಪಂಚಾಂಗವಿದೆ. ಹಗಲು ಉದ್ದವಾಗುತ್ತಾ ಹೋದರೆ ಮರಿ ಮಾಡುವ ಕಾಲ, ಹಗಲು ಕುಗ್ಗಿದರೆ ಸುಮ್ಮನಿರುವ ಕಾಲ. ಬೆಳಕು ಮೆದುಳಿಗೆ ತಲುಪಿದರೆ ಅಲ್ಲಿಂದ ಪಿಟ್ಯುಟರಿ ಗ್ರಂಥಿಗೆ ಆಜ್ಞೆ ಹೋಗುತ್ತದೆ. ಆ ಗ್ರಂಥಿಯ ಹಾರ್ಮೋನು ರಕ್ತದಲ್ಲಿ ಹರಿದು ಅಂಡಾಶಯವನ್ನು ಎಬ್ಬಿಸುತ್ತದೆ. ಅಲ್ಲಿ ಹಳದಿ ಭಂಡಾರ ಬೆಳೆದು ಹಣ್ಣಾಗಿ ಕಳಚಿಕೊಳ್ಳುತ್ತದೆ. ಬೆಳಕು ಕಡಿಮೆಯಾದರೆ ಆಜ್ಞೆಯೂ ನಿಧಾನ, ಕೊನೆಗೆ ಬಂದ್.

ಇದರಲ್ಲಿ ಒಂದು ವಿಚಿತ್ರವಿದೆ. ಈ ಕೆಲಸಕ್ಕೆ ಬೆಳಕು ಕಣ್ಣಿನ ಮೂಲಕವೇ ಹೋಗಬೇಕೆಂದಿಲ್ಲ. ತೆಳುವಾದ ತಲೆಬುರುಡೆಯ ಮೂಲಕವೇ ಅದು ಮೆದುಳಿನ ಒಳಕ್ಕೆ ಇಳಿಯುತ್ತದೆ. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಎಂಬ ವಿಜ್ಞಾನಿ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಅದಕ್ಕೂ ಮೊದಲು, 1920ರ ದಶಕದಲ್ಲಿ, ಕೆನಡಾದ ಎಡ್ಮಂಟನ್ನಿನಲ್ಲಿ ವಿಲಿಯಂ ರೋವನ್ ಎಂಬವರು ಗುಬ್ಬಿಯಂಥ ಜುಂಕೋ ಹಕ್ಕಿಗಳನ್ನು ಬಯಲಲ್ಲೇ ಪಂಜರದಲ್ಲಿಟ್ಟು ಸಂಜೆಯ ಮೇಲೆ ವಿದ್ಯುತ್ ದೀಪ ಉರಿಸಿದರು. ಹಿಮ ಸುರಿಯುವ ಚಳಿ. ಆದರೂ ಆ ಹಕ್ಕಿಗಳ ಸಂತಾನಾಂಗಗಳು ವಸಂತದಲ್ಲಿ ಬೆಳೆಯುವ ಹಾಗೆ ನಡುಚಳಿಗಾಲದಲ್ಲೇ ಬೆಳೆದವು. ಅಂದಮೇಲೆ ಹಕ್ಕಿ ಲೆಕ್ಕ ಇಡುವುದು ಶಾಖದ್ದಲ್ಲ, ಹಗಲಿನದು.

ಹಾಗಾದರೆ ಜೀವಮಾನವಿಡೀ ಕೋಳಿ ಸಾಕಿದ ಅಜ್ಜಿಗೆ ಇದು ಯಾಕೆ ಗೊತ್ತಿರಲಿಲ್ಲ? ಉತ್ತರ ಭೂಗೋಳದಲ್ಲಿದೆ. ಬೆಂಗಳೂರು, ಹಾಸನದ ಕಡೆ ವರ್ಷದ ಅತಿ ಗಿಡ್ಡ ಹಗಲು ಸುಮಾರು 11 ಗಂಟೆ 20 ನಿಮಿಷ. ಅತಿ ಉದ್ದದ ಹಗಲು 13 ಗಂಟೆಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಒಂದೂವರೆ ಗಂಟೆ. ದಿಲ್ಲಿಯಲ್ಲಿ ಜೂನ್ 21ರ ಹಗಲು ಸುಮಾರು 14 ಗಂಟೆ, ಡಿಸೆಂಬರ್ 21ರ ಹಗಲು 10 ಗಂಟೆ 20 ನಿಮಿಷ. ವ್ಯತ್ಯಾಸ ಮೂರೂ ಮುಕ್ಕಾಲು ಗಂಟೆಯ ಹತ್ತಿರ. ಅದರ ಮೇಲೆ ಮಂಜು ಮುಸುಕಿದರೆ ಬೆಳಿಗ್ಗೆ ಎಂಟಾದರೂ ಬೆಳಕಿಲ್ಲ. ಊರಿನ ನಾಟಿಕೋಳಿಯೋ, ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವು ಕೂರುವ ಜಾತಿ. ಅದು ವರ್ಷದಲ್ಲಿ ಹಲವು ಸಲ ತಾನಾಗಿಯೇ ನಿಲ್ಲಿಸುತ್ತದೆ. ಹೀಗಾಗಿ ಚಳಿಗಾಲದ ಸಣ್ಣ ಕೊರತೆ ಅಲ್ಲಿ ಯಾರ ಗಮನಕ್ಕೂ ಬಾರದು. ಅಜ್ಜಿಯ ಅನುಭವ ಸುಳ್ಳಲ್ಲ. ಅದು ಹದಿಮೂರನೇ ಅಕ್ಷಾಂಶದ ಅನುಭವ. ನಾವಿರುವುದು ಇಪ್ಪತ್ತೆಂಟು ದಾಟಿದ ಮೇಲೆ.

ಇನ್ನೊಂದು ಕಾರಣ ಗರಿ ಉದುರುವುದು. ಒಂದು ವರ್ಷ ದಾಟಿದ ಕೋಳಿ ಸಾಮಾನ್ಯವಾಗಿ ಹಗಲು ಕುಗ್ಗುವ ಕಾಲಕ್ಕೆ ಹಳೆ ಗರಿ ಬಿಟ್ಟು ಹೊಸದು ಹಾಕಿಕೊಳ್ಳುತ್ತದೆ. ಗರಿಯೆಂದರೆ ಬಹುಪಾಲು ಪ್ರೋಟೀನು. ಇದ್ದ ಪ್ರೋಟೀನೆಲ್ಲ ಹೊಸ ಅಂಗಿ ಹೊಲಿಯುವುದಕ್ಕೆ ಖರ್ಚಾದರೆ ಮೊಟ್ಟೆಗೆ ಉಳಿಯುವುದೇನು? ಆ ಎರಡು ಮೂರು ತಿಂಗಳು ಅದಕ್ಕೆ ರಜೆ ಎಂದೇ ತಿಳಿಯಬೇಕು. ಮೊದಲ ವರ್ಷದ ಹ್ಯಾಟೆ ಮಾತ್ರ ಇನ್ನೂ ಗರಿ ಉದುರಿಸುವುದಿಲ್ಲ. ಅದಕ್ಕೇ ನಮ್ಮ ಮೊದಲ ಚಳಿಗಾಲ ಸುಖವಾಗಿ ಕಳೆದದ್ದು.

ದೀಪ ಹಚ್ಚುವ ಕ್ರಮ

ಕೋಳಿ ಚೆನ್ನಾಗಿ ಇಡಬೇಕಾದರೆ ದಿನಕ್ಕೆ ಒಟ್ಟು 14ರಿಂದ 16 ಗಂಟೆ ಬೆಳಕು ಬೇಕು. ಸೂರ್ಯ ಕೊಡುವುದನ್ನು ಕಳೆದು ಉಳಿದದ್ದನ್ನು ನಾವು ತುಂಬಿಕೊಡಬೇಕು. ಅದಕ್ಕೆ ಹ್ಯಾಲೊಜನ್ ಗಿಲೊಜನ್ ಏನೂ ಬೇಡ. ಕೋಳಿಯ ಎತ್ತರಕ್ಕೆ ಕೂತು ದಿನಪತ್ರಿಕೆಯ ಅಕ್ಷರ ಓದಲು ಆದರೆ ಅಷ್ಟು ಬೆಳಕು ಸಾಕು. ಹಳದಿ ಛಾಯೆಯ ಒಂಬತ್ತು ವಾಟಿನ ಒಂದು ಎಲ್‌ಇಡಿ ಬಲ್ಬು ನಮ್ಮ ಗೂಡಿಗೆ ಧಾರಾಳ. ಬಿಳಿನೀಲಿ ಬೆಳಕಿಗಿಂತ ಹಳದಿ, ಕೆಂಪು ಬೆಳಕು ತಲೆಬುರುಡೆ ದಾಟಿ ಚೆನ್ನಾಗಿ ಒಳಗಿಳಿಯುತ್ತದೆ.

ದೀಪವನ್ನು ಸಂಜೆಗಿಂತ ಬೆಳಗಿನ ಜಾವ ಹಚ್ಚುವುದು ವಾಸಿ. ಸಂಜೆ ಹಚ್ಚಿ ಒಮ್ಮೆಗೇ ಆರಿಸಿದರೆ ಕೋಳಿ ಕಂಗಾಲು. ಕತ್ತಲಲ್ಲಿ ಅದಕ್ಕೆ ಕಣ್ಣು ಕಾಣದು, ಅಡ್ಡಗೋಲು ಹತ್ತಲಾಗದೆ ನೆಲದಲ್ಲೇ ಮುದುಡಿ ಕೂರುತ್ತದೆ. ಬೆಳಿಗ್ಗೆ ಹಚ್ಚಿದರೆ ಸೂರ್ಯನೇ ಬಂದು ಡ್ಯೂಟಿ ವಹಿಸಿಕೊಳ್ಳುತ್ತಾನೆ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಐದೂವರೆಗೆ. ಹದಿನಾಲ್ಕು ಗಂಟೆ ಬೇಕೆಂದರೆ ಬೆಳಿಗ್ಗೆ ಮೂರೂವರೆಗೆ ದೀಪ ಹತ್ತಬೇಕು. ಮೂರೂವರೆಗೆ ಏಳುವವರು ಯಾರು? ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಟೈಮರ್ ಸಿಗುತ್ತದೆ, ಅದನ್ನು ಹಾಕಿದೆವು.

ಖರ್ಚಿನ ಲೆಕ್ಕ ನೋಡಿ. ಒಂಬತ್ತು ವಾಟು, ದಿನಕ್ಕೆ ನಾಲ್ಕು ಗಂಟೆ. ಅಂದರೆ 36 ವಾಟ್-ಗಂಟೆ. ಮೂವತ್ತು ದಿನಕ್ಕೆ 1,080. ಒಂದು ಯೂನಿಟ್ಟಿಗೆ ತುಸು ಹೆಚ್ಚು. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ತಿಂಗಳಿಗೆ ಒಂಬತ್ತು ರೂಪಾಯಿ. ಒಂದು ಮೊಟ್ಟೆಯ ಬೆಲೆಯಷ್ಟೂ ಇಲ್ಲ!

ಆದರೆ ಮೂರು ಎಚ್ಚರಿಕೆ. ಒಂದು, ಬೆಳಕನ್ನು ಒಮ್ಮೆಗೇ ನಾಲ್ಕು ಗಂಟೆ ಏರಿಸಬಾರದು. ವಾರಕ್ಕೆ ಅರ್ಧ ಗಂಟೆಯಂತೆ ಏರಿಸಬೇಕು. ಎರಡು, ಶುರು ಮಾಡಿದ ಮೇಲೆ ಇವತ್ತು ಉಂಟು ನಾಳೆ ಇಲ್ಲ ಅನ್ನಬಾರದು. ನಡುವೆ ಬೆಳಕು ಕಡಿದರೆ ಕೋಳಿ ಮತ್ತೆ ಗರಿ ಉದುರಿಸಲು ಕೂರಬಹುದು, ಅದೂ ನಡುಚಳಿಯಲ್ಲಿ. ಮೂರು, ನಾಲ್ಕು ತಿಂಗಳು ತುಂಬದ ಮರಿಗಳಿಗೆ ಈ ಉಪಚಾರ ಬೇಡ. ಮೈ ಬಲಿಯುವ ಮೊದಲೇ ಮೊಟ್ಟೆಗೆ ಬಂದರೆ ಗೋಲಿ ಗಾತ್ರದ ಮೊಟ್ಟೆ, ಜೊತೆಗೆ ಕೋಳಿಗೂ ಕೇಡು.

ಗೂಡು, ಗಾಳಿ, ಕೂಳು, ನೀರು

ಬೆಳಕೊಂದಿದ್ದರೆ ಸಾಲದು. ಬೆಳಕು ಆರ್ಡರು ಮಾತ್ರ ಕೊಡುತ್ತದೆ. ಕಚ್ಚಾ ಸಾಮಗ್ರಿ ಬೇಡವೇ?

ಮೊದಲು ಗೂಡು. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ, ಮೇಲೆ ಗರಿಯ ರಜಾಯಿ. ದಿಲ್ಲಿಯ ನಾಲ್ಕು ಡಿಗ್ರಿ ಚಳಿಯನ್ನು ಅದು ತಡೆಯುತ್ತದೆ. ತಡೆಯಲಾಗದ್ದು ಎರಡು: ನೇರ ಬಡಿಯುವ ಗಾಳಿ, ಒದ್ದೆ. ನಾವು ಗೋಣಿ ತುರುಕಿ ಎಲ್ಲ ಮುಚ್ಚಿದ್ದೆವಲ್ಲ, ಅದು ಬರೀ ಅವಿವೇಕ. ಹಿಕ್ಕೆಯಿಂದ ಏಳುವ ಅಮೋನಿಯ ಮತ್ತು ಕೋಳಿಗಳ ಉಸಿರಿನ ತೇವ ಎರಡೂ ಒಳಗೇ ಉಳಿದು ಅವಕ್ಕೆ ನೆಗಡಿ, ಕೆಮ್ಮು. ಈಗ ಗಾಳಿ ಬೀಸುವ ವಾಯವ್ಯದ ಕಡೆ ಮಾತ್ರ ಗೋಣಿ ಕಟ್ಟಿ, ಬಿಸಿಲು ಬೀಳುವ ದಕ್ಷಿಣಕ್ಕೆ ಜಾಲರಿ ಬಿಟ್ಟಿದ್ದೇವೆ. ಕೋಳಿ ಕೂರುವ ಎತ್ತರಕ್ಕಿಂತ ಮೇಲೆ ಗಾಳಿ ಹೋಗಲು ಸಂದು ಇದೆ. ಪರೀಕ್ಷೆ ಸುಲಭ. ಗೂಡಿನೊಳಗೆ ಬಗ್ಗಿ ಉಸಿರೆಳೆಯಿರಿ, ಮೂಗು ಉರಿದರೆ ಗಾಳಿ ಸಾಲದು.

ನೆಲಕ್ಕೆ ಗೇಣುದ್ದ ಅಲ್ಲದಿದ್ದರೂ ನಾಲ್ಕೈದು ಅಂಗುಲ ಭತ್ತದ ಹೊಟ್ಟೋ, ಬಡಗಿಯ ಅಂಗಡಿಯ ಮರದ ಹೊಟ್ಟೋ ಹಾಸಬೇಕು. ವಾರಕ್ಕೆರಡು ಸಲ ಕೆದಕಿ, ಒದ್ದೆಯಾದದ್ದನ್ನು ತೆಗೆದು ಹೊಸದು ಹಾಕುತ್ತಿದ್ದರೆ ಅಡಿಯಲ್ಲಿ ಅದೇ ಕಳಿತು ಒಂದಿಷ್ಟು ಕಾವು ಕೊಡುತ್ತದೆ. ಅಗ್ಗಿಷ್ಟಿಕೆ ಮಾಡಬೇಕಾದ ಕೆಲಸವನ್ನು ಈ ಹೊಟ್ಟು ಜೀವಕ್ಕೆ ಅಪಾಯವಿಲ್ಲದೆ ಮಾಡುತ್ತದೆ.

ಇನ್ನು ಆಹಾರ. ಮೊಟ್ಟೆಕೋಳಿ ದಿನಕ್ಕೆ ಸುಮಾರು 110ರಿಂದ 120 ಗ್ರಾಂ ತಿನ್ನುತ್ತದೆ. ಚಳಿಯಲ್ಲಿ ಮೈ ಬೆಚ್ಚಗಿಡಲು ಇನ್ನಷ್ಟು ಬೇಕು. ಆ ಆಹಾರದಲ್ಲಿ ನೂರಕ್ಕೆ 16ರಿಂದ 18 ಪಾಲು ಪ್ರೋಟೀನು, ಮೂರೂವರೆಯಿಂದ ನಾಲ್ಕು ಪಾಲು ಕ್ಯಾಲ್ಸಿಯಂ ಇರಬೇಕು. ಅಂಗಡಿಯ ಲೇಯರ್ ಮ್ಯಾಷಿನಲ್ಲಿ ಇದೆಲ್ಲ ಇರುತ್ತದೆ. ಅಜ್ಜಿ ಪ್ರೀತಿಗೆ ಅನ್ನ, ರೊಟ್ಟಿ ಚೂರು, ನುಚ್ಚು ಧಾರಾಳ ಹಾಕುತ್ತಿದ್ದಳು. ಹೊಟ್ಟೆ ತುಂಬುತ್ತದೆ, ಪ್ರೋಟೀನು ತೆಳುವಾಗುತ್ತದೆ. ಮೆಕ್ಕೆಜೋಳ ಕೊಡುವುದಾದರೆ ಸಂಜೆ ಒಂದೊಂದು ಹಿಡಿ. ರಾತ್ರಿಯಿಡೀ ನಿಧಾನ ಕರಗಿ ಮೈ ಬೆಚ್ಚಗಿಡುತ್ತದೆ.

ಕ್ಯಾಲ್ಸಿಯಂ ಯಾಕೆ ಅಷ್ಟು ಮುಖ್ಯ? ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಒಂದೊಂದು ಚಿಪ್ಪಿಗೂ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ. ಹೊರಗಿನಿಂದ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ಸಾಲ ಎತ್ತುತ್ತದೆ. ಸಾಲ ತೀರಿಸದೆ ಎತ್ತುತ್ತಲೇ ಹೋದರೆ ಏನಾಗುತ್ತದೆ ಅನ್ನುವುದನ್ನು ಕಾಮರ್ಸ್ ಓದದವರೂ ಬಲ್ಲರು. ಅದಕ್ಕೆ ಒಂದು ಬಟ್ಟಲಲ್ಲಿ ಕಪ್ಪೆಚಿಪ್ಪಿನ ಪುಡಿ ಬೇರೆಯೇ ಇಟ್ಟಿರುತ್ತೇವೆ. ಮನೆಯ ಮೊಟ್ಟೆಯ ಸಿಪ್ಪೆಯನ್ನೂ ಹುರಿದು ಪುಡಿಮಾಡಿ ಹಾಕಬಹುದು.

ನೀರಿನ ಮಾತನ್ನು ಎಲ್ಲರೂ ಮರೆಯುತ್ತಾರೆ. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರು. ಬೆಳಗಿನ ತಣ್ಣನೆ ನೀರಿಗೆ ಕೋಳಿ ಕೊಕ್ಕು ಅದ್ದಿ ಸುಮ್ಮನಾಗುತ್ತದೆ. ನೀರು ಕುಡಿಯದಿದ್ದರೆ ತಿನ್ನುವುದೂ ಕಡಿಮೆ. ನಾವು ದೀಪ ಹತ್ತಿದ ಮೇಲೆ, ಅಪ್ಪನ ಚಹಾದ ಹೊತ್ತಿಗೆ, ಉಗುರುಬೆಚ್ಚಗಿನ ನೀರಿಡುತ್ತೇವೆ.

ಚಳಿಗಾಲ ಹಕ್ಕಿಜ್ವರದ ಕಾಲವೂ ಹೌದು. 2021ರ ಜನವರಿಯಲ್ಲಿ ದಿಲ್ಲಿಯ ಗಾಜೀಪುರದ ಕೋಳಿ ಮಾರುಕಟ್ಟೆಯನ್ನೇ ಕೆಲವು ದಿನ ಮುಚ್ಚಿದ್ದರು. ಕಾಗೆ, ಪಾರಿವಾಳ ಕೋಳಿಯ ತಟ್ಟೆಗೆ ಬಾಯಿ ಹಾಕದಂತೆ ಜಾಲರಿ ಇರಬೇಕು. ಗೂಡಿನಿಂದ ಹೊರಬಂದ ಮೇಲೆ ಕೈ ತೊಳೆಯಬೇಕು. ಕೋಳಿ ಇದ್ದಕ್ಕಿದ್ದಂತೆ ಸಾಯತೊಡಗಿದರೆ ಮುಚ್ಚಿಡದೆ ಪಶುಆಸ್ಪತ್ರೆಗೆ ತಿಳಿಸಬೇಕು.

ಸಂಕ್ರಾಂತಿಗೆ ಏನಾಯಿತು?

2023ರ ಡಿಸೆಂಬರ್ ಕೊನೆಯ ವಾರ ದೀಪ ಹಚ್ಚಿದೆವು. "ಕೋಳಿಗೆ ಕರೆಂಟು ದೀಪ! ನಮ್ಮೂರಾಗೆ ಹೇಳಿದ್ರೆ ನಗ್ತಾರೆ" ಅಂದಳು ಅಜ್ಜಿ. ಸಂಕ್ರಾಂತಿಯ ದಿನ ಬುಟ್ಟಿಯಲ್ಲಿದ್ದದ್ದು ಒಂದೇ ಮೊಟ್ಟೆ. ಅಪ್ಪ ಅದನ್ನು ನೋಡಿದರು, ಅಜ್ಜಿಯ ಮುಖ ನೋಡಿದರು, ಏನೂ ಹೇಳದೆ ಕೆಲಸಕ್ಕೆ ಹೋದರು. ಬೆಳಕಿನ ಫಲ ಕಾಣಲು ಎರಡು ಮೂರು ವಾರವಾದರೂ ಬೇಕು ಅಂತ ವೈದ್ಯರು ಹೇಳಿದ್ದು ಪುಣ್ಯ. ಅದನ್ನೇ ಹಿಡಿದು ನಾನು ಅಪ್ಪನ ಹತ್ತಿರ ಇನ್ನೊಂದು ಹದಿನೈದು ದಿನದ ವಾಯಿದೆ ಬೇಡಿದೆ. ಜನವರಿ ಕೊನೆಗೆ ದಿನಕ್ಕೆ ಮೂರು, ಫೆಬ್ರವರಿ ನಡುವಿಗೆ ಹತ್ತು ಕೋಳಿಯಿಂದ ಆರು.

ಇಲ್ಲಿ ಲೆಕ್ಕಿಗನಾಗಿ ಒಂದು ಪ್ರಾಮಾಣಿಕ ಮಾತು ಹೇಳಬೇಕು. ಎಲ್ಲ ಕೀರ್ತಿಯನ್ನೂ ಬಲ್ಬಿನ ಖಾತೆಗೆ ಜಮಾ ಮಾಡುವಂತಿಲ್ಲ. ಅಷ್ಟು ಹೊತ್ತಿಗೆ ಹೊಸ ಗರಿ ಬಂದಿತ್ತು, ಹಗಲೂ ಉದ್ದವಾಗುತ್ತಿತ್ತು. ಆದ್ದರಿಂದ ಮುಂದಿನ ವರ್ಷ ಸರಿಯಾಗಿ ಪರೀಕ್ಷೆ ಮಾಡಿದೆವು. 2024ರ ಮಾರ್ಚಿನಲ್ಲೇ ಆರು ಹೊಸ ಹ್ಯಾಟೆ ಮರಿ ತಂದೆವು, ಚಳಿಗಾಲಕ್ಕೆ ಸರಿಯಾಗಿ ಅವು ಮೊಟ್ಟೆಗೆ ಬಂದಿರಲಿ ಅಂತ. ಹಗಲು ಹನ್ನೆರಡು ಗಂಟೆಗೆ ಇಳಿಯುವ ಸೆಪ್ಟೆಂಬರ್ ಕೊನೆಯಲ್ಲೇ ದೀಪ ಶುರು ಮಾಡಿದೆವು. ಹಳೆಯವು ಈ ಸಲವೂ ಗರಿ ಉದುರಿಸಿದವು. ಆದರೆ ಡಿಸೆಂಬರಿನಲ್ಲೂ ಒಟ್ಟು ದಿನಕ್ಕೆ ಎಂಟು ಮೊಟ್ಟೆ ತಪ್ಪಲಿಲ್ಲ. ನನ್ನ ಪರೀಕ್ಷಾ ಶುಲ್ಕವೂ ತಪ್ಪಲಿಲ್ಲ.

ಕೋಳಿಯನ್ನು ಹೀಗೆ ವಿಶ್ರಾಂತಿಯಿಲ್ಲದೆ ದುಡಿಸುವುದು ಸರಿಯೇ ಅಂತ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದೊಡ್ಡ ಫಾರಂಗಳಲ್ಲಿ ವರ್ಷಕ್ಕೆ ಮುನ್ನೂರರಂತೆ ಮೊಟ್ಟೆ ತೆಗೆದು, ಇಳುವರಿ ಕುಗ್ಗಿದ ಕೂಡಲೇ ಮಾರಿಬಿಡುತ್ತಾರೆ. ಅದು ಅವರ ಕಾಸ್ಟ್ ಅಕೌಂಟ್ಸು. ನಮ್ಮ ಮನೆಯಲ್ಲಿ ಗರಿ ಉದುರಿಸುವ ಕೋಳಿಗೆ ಅಜ್ಜಿ ರಜೆ ಕೊಡುತ್ತಾಳೆ, ಅದಕ್ಕೆ ಕಡಲೆಕಾಯಿ ಹಿಂಡಿ ಬೇರೆ ಬಡಿಸುತ್ತಾಳೆ. ಹಳೆಯ ಹತ್ತರಲ್ಲಿ ಎರಡು ಈಗ ಪೂರ್ತಿ ನಿಲ್ಲಿಸಿವೆ. ಆ ಎರಡರ ಕೂಳಿಗೆ ತಿಂಗಳಿಗೆ ಇನ್ನೂರೈವತ್ತು ರೂಪಾಯಿ ಎಂದು ನಾನು ನೋಟ್‌ಬುಕ್ ತೋರಿಸಿದೆ. ಅಜ್ಜಿ ಕನ್ನಡಕವಿಲ್ಲದ ಕಣ್ಣಿನಿಂದ ಪುಟವನ್ನು ನೋಡಿ, "ನಾನೂ ಮೊಟ್ಟೆ ಇಕ್ಕಲ್ಲ ಕಣ್ಲಾ, ನನ್ನೂ ಬರ್ಕೋ" ಅಂದಳು. ಆ ಬಾಬತ್ತನ್ನು ಯಾವ ಖಾತೆಗೆ ಹಾಕಬೇಕೆಂದು ನಮ್ಮ ಪಠ್ಯಪುಸ್ತಕದಲ್ಲಿಲ್ಲ. ಪುಟ ತಿರುಗಿಸಿದೆ.

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗೋದು ಅಂತ ನಂಬಿದ್ದ ಮುದುಕಿಯ ಕಥೆ ನಾವೆಲ್ಲ ಪ್ರೈಮರಿ ಶಾಲೆಯಲ್ಲಿ ಕೇಳಿದವರೇ. ದಿಲ್ಲಿಯಲ್ಲಿ ಅದು ಸ್ವಲ್ಪ ತಿರುಗುಮುರುಗು. ಇಲ್ಲಿ ಅಜ್ಜಿಯೇ ಮೂರೂವರೆಗೆ ಎದ್ದು, ಟೈಮರ್ ಇದ್ದರೂ ನಂಬದೆ, ದೀಪ ಹತ್ತಿತೋ ಇಲ್ಲವೋ ಅಂತ ನೋಡಿಬರುತ್ತಾಳೆ. ಅವಳು ಬೆಳಗು ಮಾಡಿದರೆ ಕೋಳಿ ಏಳುತ್ತದೆ.

ಇಲ್ಲಿಗೆ ನನ್ನ ಕೊರೆತ ಮುಗಿಯಿತು. ಮೊಟ್ಟೆ ಬೇಕಾದವರು ಬಳಗದ ಮುಂದಿನ ಸಭೆಯಲ್ಲಿ ಹೇಳಿ. ಬೆಲೆ ಹತ್ತು ರೂಪಾಯಿ. ಕನ್ನಡಿಗರಿಗೂ ಉದ್ರಿ ಇಲ್ಲ, ಅಜ್ಜಿಯ ಕಟ್ಟಪ್ಪಣೆ.